ಎದುರಿಗೆ ಕೂತಾಗ

"ಅಜ್ಜೀ, ಬಂತು!" ಎಂದು ಮೊಮ್ಮಗಳು ಎಡಗೈಯಲ್ಲಿದ್ದ ಕ್ರೋಶಾ ಕಡ್ಡಿ ಎತ್ತಿ ತೋರಿಸಿದಳು. ಕೊಕ್ಕೆಯಿಂದ ಪುಟ್ಟ ಸರಪಳಿ ಹೆಣಿಗೆ ಇಳಿಬಿದ್ದಿತ್ತು. ಸೋಫಾದಲ್ಲಿ ಅಜ್ಜಿಯ ಪಕ್ಕದಲ್ಲೆಲ್ಲ ಇಸ್ತ್ರಿ ಬಟ್ಟೆ ಇದ್ದದ್ದಕ್ಕೆ ಹುಡುಗಿ ಸ್ಟೂಲ್ ಎಳೆದು ಎದುರಿಗೆ ಕೂತಿದ್ದಳು, ಅಷ್ಟೇ. ಅಜ್ಜಿಯ ಬಲಗೈ ಮಾಡಿದ್ದನ್ನೆಲ್ಲ ಅವಳ ಎಡಗೈ ಕನ್ನಡಿಯ ಹಾಗೆ ಮಾಡುತ್ತಾ ಹೋಗಿತ್ತು.

ಅರಳಿದ ಅಜ್ಜಿಯ ಮುಖ ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕಂಡು ಬಾಡಿತು. ಅವಳೂ ಹುಟ್ಟಾ ಎಡಚಿಯೇ. ಚಿಕ್ಕಂದಿನಲ್ಲಿ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, "ಆ ಕೈ ಅಲ್ವೇ, ಕತ್ತೆ!" ಎಂದು ಬೆರಳಿಗೆ ಬಾರಿಸಿದ್ದೇ ಬಂತು, ಮಗಳು ಆಮೇಲೆ ನೂಲನ್ನೇ ಮುಟ್ಟಲಿಲ್ಲ.

"ಬಾರೇ, ನೀನೂ ಎದುರಿಗೆ ಕೂತ್ಕೋ. ಎಡಗೈಯಲ್ಲೇ ಹಿಡಿ, ನಾನೇನೂ ಅನ್ನಲ್ಲ."

ಮೊಮ್ಮಗಳು ಎದ್ದು ಜಾಗ ಬಿಟ್ಟಳು; ಮಗಳು ನಗುತ್ತಾ ಅವಳ ಕಡ್ಡಿ ತೆಗೆದುಕೊಂಡು ಸ್ಟೂಲ್ ಮೇಲೆ ಕೂತಳು. ಎಡಗೈಯಲ್ಲಿ ಕಡ್ಡಿ ಅತ್ತಿತ್ತ ಹೊರಳಿತು; ನೂಲು ಕೊಕ್ಕೆಗೆ ಸಿಗಲೇ ಇಲ್ಲ. "ಈ ಕೈ ಯಾವತ್ತೋ ಮರ್ತುಬಿಟ್ಟಿದೆ ಅಮ್ಮ," ಎಂದು ಕಡ್ಡಿಯನ್ನು ಬಲಗೈಗೆ ಬದಲಿಸಿಕೊಂಡಳು. ಎದ್ದು, ಇಸ್ತ್ರಿ ಬಟ್ಟೆಗಳನ್ನು ಸರಿಸಿ, ಯಾರೂ ಹೇಳದೆಯೇ ಅಮ್ಮನ ಪಕ್ಕಕ್ಕೆ ಬಂದು ಕೂತಳು. ಮಡಿಲಲ್ಲಿ ಅವಳ ಎಡಗೈ ಬೆರಳುಗಳನ್ನು ಒಳಗೆಳೆದುಕೊಂಡು ಮುಷ್ಟಿಯಾಗಿತ್ತು.