ಸಿದ್ದಲಿಂಗಸ್ವಾಮಿಯ ಕಾಫಿ

“ಡೇಟಾಬೇಸ್ ನೋಡೋಕೆ ಇದೊಂದೇ ಫೈಲ್ ಸಾಕು ಮೇಡಂ, ಬ್ರೌಸರ್‌ನಲ್ಲೇ ತೆರ್ಕೊಳ್ಳುತ್ತೆ,” ಎಂದಳು ಕೆಲಸಕ್ಕೆ ಸೇರಿ ವಾರವೂ ಆಗದ ಅಕ್ಷತಾ. ಸಿದ್ದಲಿಂಗಸ್ವಾಮಿಗೆ ಹೊಟ್ಟೆ ಉರಿದುಹೋಯಿತು.

ವಿಜಯನಗರದ ಆ ವಧೂವರರ ಕೇಂದ್ರದಲ್ಲಿ ಇಷ್ಟು ವರ್ಷ ಡೇಟಾಬೇಸ್ ಮುಟ್ಟುತ್ತಿದ್ದವನು ಅವನೊಬ್ಬನೇ. ಅವನ ಹಳೆಯ ಸಾಫ್ಟ್‌ವೇರ್ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಆ ಕಾಫಿಯನ್ನು ಒಡತಿ ಮಂಜುಳಮ್ಮನೇ ತಂದುಕೊಟ್ಟು, ಎದುರಿಗೆ ಕಾದು ಕೂರುತ್ತಿದ್ದರು. ಇಂದೂ ತಂದಿದ್ದರು.

“ಇಷ್ಟು ಹಗುರದ್ದು ನಮ್ಮ ಸಾವಿರಾರು ಜಾತಕ ತಡ್ಕೊಳಲ್ಲಮ್ಮ,” ಎಂದ.

ಅವನ ಮಾತು ಮುಗಿಯುವ ಮೊದಲೇ ಮಂಜುಳಮ್ಮ ಅಕ್ಷತಾ ತೆರೆದಿಟ್ಟಿದ್ದ ಪುಟದಲ್ಲಿ ತಾವೇ ‘ಇಂಜಿನಿಯರ್, ನಂಜನಗೂಡು’ ಎಂದು ಒತ್ತಿದರು. ಹನ್ನೊಂದು ಗಂಡುಗಳ ಹೆಸರು ಸಾಲಾಗಿ ಬಂದು ನಿಂತವು. “ಅಯ್ಯೋ, ಇಷ್ಟು ಸುಲಭಾನಾ! ಇದನ್ನೇ ಇಟ್ಕೊಳ್ಳೋಣ ಕಣಮ್ಮ,” ಎನ್ನುತ್ತಾ, ಪರದೆಯಿಂದ ಕಣ್ಣು ತೆಗೆಯದೆ, ಅವನಿಗೆಂದು ತಂದ ಕಾಫಿಯನ್ನು ತಾವೇ ಕುಡಿದುಬಿಟ್ಟರು.