ಕೈಯಳತೆಯ ನೋಟ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಶೂಟಿಂಗ್ ರೇಂಜಿಗೆ ಬಂದು, ಅವನು ತನ್ನ ಶೂಟಿಂಗ್ ಮೇಷ್ಟ್ರಿಂದ ಎರವಲು ತಂದಿದ್ದ ಕನ್ನಡಕವನ್ನು ಅವರ ಮುಂದೆ ಹಿಡಿದಳು. ಮನೆಯಲ್ಲಿ ಅತ್ತೆ ಚಹಾ ಮುಟ್ಟದೆ, "ಮುಂದೇನೇ ನಮ್ಮ ಗತಿ?" ಎಂದು ಕೇಳಿದ್ದರು. ಅವಳು ಕನ್ನಡಕ ಎತ್ತಿಕೊಂಡು ಹೊರಟು ಬಂದಿದ್ದಳು.

"ಅಂತೂ ಬಂತಾ! ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ವರ್ಷ ತಳ್ಳಿದ ಪುಣ್ಯಾತ್ಮ," ಎಂದು ನಗಲು ಹೋದ ಮೇಷ್ಟ್ರ ದನಿ ಒಡೆಯಿತು.

"ಇದರಲ್ಲಿ ಅವರಿಗೆ ಏನು ಕಾಣ್ತಿತ್ತು ಮೇಷ್ಟ್ರೇ?"

ಮೇಷ್ಟ್ರು ಖಾಲಿ ಪಿಸ್ತೂಲನ್ನು ಅವಳ ಕೈಗಿತ್ತರು. ಅವಳು ಕನ್ನಡಕ ಹಾಕಿಕೊಂಡು ತೋಳು ಚಾಚಿದಳು. ದೂರದ ಗುರಿಯ ಕಪ್ಪು ವೃತ್ತ ನೀರಿಗೆ ಬಿದ್ದ ಶಾಯಿಯಂತೆ ಕದಡಿತ್ತು. ನಳಿಗೆಯ ತುದಿಯ ಪುಟ್ಟ ಮೊನೆ ಮಾತ್ರ ಕೆತ್ತಿಟ್ಟಂತೆ ಸ್ಪಷ್ಟವಾಗಿತ್ತು.

"ಗುರಿಯೇ ಕಾಣ್ತಿಲ್ಲ!"

"ಅದು ಮಸುಕಾಗೇ ಇರ್ಲಿ ಬಿಡು. ಈ ಕನ್ನಡಕ ಇರೋದೇ ಕೈಯಳತೆ ದೂರಕ್ಕೆ. ಮೊನೆ ನೋಡು."

"ಕೈ ನಡುಗ್ತಿದೆ."

"ಅವನದೂ ನಡುಗ್ತಿತ್ತಮ್ಮ. ಆದ್ರೆ ಆ ಕಪ್ಪು ಬೊಟ್ಟು ಎಷ್ಟೇ ಸೆಳೆದ್ರೂ ಅವನ ಕಣ್ಣು ಈ ಮೊನೆ ಬಿಟ್ಟು ಕದಲ್ತಿರಲಿಲ್ಲ. ಅಂಥ ಕಣ್ಣು ಇನ್ನೊಂದು ನಾನು ಕಂಡಿಲ್ಲ."

ತೋಳು ಸೋಲುವವರೆಗೂ ಅವಳು ಆ ಮೊನೆಯನ್ನೇ ನೋಡಿದಳು. ಅವನು ದಿನವೂ ನೋಡುತ್ತಿದ್ದುದು ಇದನ್ನೇ.

"ಮುಂದೇನು ಮಾಡ್ತೀಯಮ್ಮ?" ಮೇಷ್ಟ್ರೂ ಕೊನೆಗೆ ಕೇಳಿಯೇಬಿಟ್ಟರು.

"ಗೊತ್ತಿಲ್ಲ ಮೇಷ್ಟ್ರೇ. ಅತ್ತೆ ನಿನ್ನೆಯಿಂದ ಏನೂ ತಿಂದಿಲ್ಲ. ಮನೆಗೆ ಹೋಗಿ ಮೊದಲು ಅದು ನೋಡ್ತೀನಿ," ಎಂದು ಅವಳು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಅವರ ಅಂಗೈಯಲ್ಲಿಟ್ಟಳು.