ಒಳ್ಳೆಯ ಹತ್ತು

ಡಬ್ಬ ಬಂದು ಮೇಜಿನ ಮೇಲೆ ಕೂತು ಗಂಟೆಯಾಗಿತ್ತು. ನೊಣಪ್ಪ ಇನ್ನೂ ದಾರಕ್ಕೆ ಕತ್ತರಿ ತಾಗಿಸಿರಲಿಲ್ಲ. ಗಾಜಿನ ಮನೆಯ ಖಾಲಿ ಕುಂಡಗಳನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಜರುಗಿಸುತ್ತ ಹೊತ್ತು ಕಳೆಯುತ್ತಿದ್ದ. ಸಸ್ಯೋದ್ಯಾನದಲ್ಲಿ ನೊಣ ತಿನ್ನುವ ಗಿಡಗಳ ಉಸ್ತುವಾರಿ ಅವನದು. ಹೆಸರು ಬಂದದ್ದೂ ಅಲ್ಲಿಂದಲೇ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು.

"ಬಿಚ್ಚಿ ನೊಣಪ್ಪ, ಒಳಗೆ ಉಸಿರು ಕಟ್ಟುತ್ತೆ ಅವಕ್ಕೆ," ಎಂದರು ಮೇಡಂ, ಬಾಗಿಲಲ್ಲೇ ನಿಂತು. ಅವರು ಉದ್ಯಾನದ ಕಚೇರಿ ನೋಡಿಕೊಳ್ಳುವವರು. ಕಡತ ಬಲ್ಲವರು, ಗಿಡ ಬಲ್ಲವರಲ್ಲ. ಆರು ತಿಂಗಳಿಂದ ಈ ಹೊಸಿಲು ದಾಟಿರಲಿಲ್ಲ.

ಡಬ್ಬದಲ್ಲಿದ್ದದ್ದು ಹೂಜಿ ಗಿಡ, ಎಲೆತುದಿಯ ಹೂಜಿಯಲ್ಲಿ ನೊಣ ಬೀಳಿಸಿಕೊಳ್ಳುವಂಥದ್ದು. ಆ ಜಾತಿ ಬೆಳೆಯುತ್ತಿದ್ದದ್ದು ಲೋಕದಲ್ಲಿ ಒಂದೇ ಒಂದು ಗುಡ್ಡದ ಮೇಲೆ. ಗುಡ್ಡವನ್ನು ಕಲ್ಲುಕ್ವಾರಿ ನುಂಗಿತು. ನೊಣಪ್ಪನ ಬಳಿ ಇಪ್ಪತ್ತು ಗಿಡ ಉಳಿದವು. ಎಲ್ಲವೂ ಒಂದೇ ಕಡೆ ಇರಬಾರದು, ಅರ್ಧ ಇನ್ನೊಂದು ಉದ್ಯಾನಕ್ಕೆ ಹೋಗಬೇಕು, ಹೋಗುವವು ಗಟ್ಟಿಮುಟ್ಟಾದವೇ ಆಗಿರಬೇಕು ಎಂಬುದು ನಿಯಮ. ಮೂರು ವರ್ಷದ ಹಿಂದೆ ಆರಿಸಲು ಕೂತಾಗ ಅವನಿಗೆ ಕೈಯೇ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ದಿನಕ್ಕೆ ಅವನಾಡುತ್ತಿದ್ದ ನಾಲ್ಕು ಮಾತೂ ಆ ಗಿಡಗಳ ಜೊತೆಗೇ. ಕೊನೆಗೆ ಸೊರಗಿದ, ಎಲೆ ಮುರುಟಿದ, ಇವತ್ತೋ ನಾಳೆಯೋ ಎನ್ನುವಂಥ ಹತ್ತನ್ನು ಹೆಕ್ಕಿ ಕಳಿಸಿದ. ಚೀಟಿಯಲ್ಲಿ 'ಉತ್ತಮವಾದವು' ಎಂದು ಬರೆದು ಸಹಿಯನ್ನೂ ಹಾಕಿದ.

ಈ ವರ್ಷ ಜ್ವರ ಹಿಡಿದು ತಿಂಗಳಿಡೀ ಆಸ್ಪತ್ರೆಯಲ್ಲಿ ಮಲಗಿದ. ಮೇಡಂ ಪಾಪ, ಬೇರೆ ಯಾರನ್ನೂ ನೆಚ್ಚದೆ, ದಿನಾ ತಾವೇ ಪೈಪು ಹಿಡಿದು ನಲ್ಲಿ ನೀರು ಹಾಕಿದರು. ಬಡ ನೆಲದಲ್ಲಿ ಹುಟ್ಟಿದ ಆ ಗಿಡಕ್ಕೆ ನಲ್ಲಿ ನೀರಿನ ಲವಣವೇ ವಿಷ, ಮಳೆನೀರೇ ಆಗಬೇಕು. ಹತ್ತೊಂಬತ್ತು ವರ್ಷದಲ್ಲಿ ನೊಣಪ್ಪ ಇದನ್ನು ಒಬ್ಬರ ಕಿವಿಗೂ ಹಾಕಿರಲಿಲ್ಲ. ಯಾರಾದರೂ ಕೇಳಿದರೆ "ಅದೆಲ್ಲ ಕೈಗುಣ" ಎಂದು ನಗುತ್ತಿದ್ದ. ಹತ್ತೂ ಗಿಡ ಕರಟಿದವು. ಬಂದು ನೋಡಿದವನು ಮೇಡಂಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವರ ಎದೆ ಎಷ್ಟೋ ಹಗುರಾಗುತ್ತಿತ್ತು.

ಸುದ್ದಿ ತಿಳಿದು ಆ ಇನ್ನೊಂದು ಉದ್ಯಾನದವರು ಕಳಿಸಿದ್ದೇ ಈ ಡಬ್ಬ. ಅಂತೂ ದಾರ ಕತ್ತರಿಸಿದ. ಹಸಿ ಪಾಚಿಯ ನಡುವೆ ಹತ್ತು ಗಿಡ. ಗೇಣುದ್ದದ ಹೂಜಿಗಳು; ಒಂದೊಂದರ ಬಾಯಿಗೂ ಹತ್ತಿ ತುಂಬಿ, ಮುಚ್ಚಳ ಮುರಿಯದಂತೆ ಕಾಗದ ಸುತ್ತಿತ್ತು. ಅವನ ಕೈಯಲ್ಲಿ ಯಾವ ಗಿಡವೂ ಹೀಗೆ ಮೈತುಂಬಿಕೊಂಡದ್ದಿಲ್ಲ. ಒಂದರ ಬುಡದಲ್ಲಿ ಅವನೇ ಕಟ್ಟಿದ್ದ ತಗಡಿನ ಬಿಲ್ಲೆ: ಹದಿನಾಲ್ಕು. ದಾರಿಯಲ್ಲೇ ಸಾಯುತ್ತದೆ ಎಂದುಕೊಂಡಿದ್ದ ಗಿಡ ಅದು.

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆ ಉದ್ಯಾನದ ತೋಟಗಾರ್ತಿಗೆ ಫೋನ್ ಮಾಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮಾತೂ ಇದೇ ಮೊದಲು.

"ತಲುಪಿದ್ವಾ? ಏನೂ ಮುರಿದಿಲ್ಲ ತಾನೆ?"

"ಇಲ್ಲಮ್ಮ. ಅವತ್ತು ನಾನು ನಿಮಗೆ ಕಳಿಸಿದ್ದು..."

"ಗೊತ್ತು ಬಿಡಿ. ಡಬ್ಬ ಬಿಚ್ಚಿದ ದಿನಾನೇ ಗೊತ್ತಾಯ್ತು."

"ಮತ್ತೆ ನೀವ್ಯಾಕೆ ಒಳ್ಳೇವನ್ನೇ ಕಳಿಸಿದ್ರಿ?"

"ಹತ್ತು ಇಲ್ಲಿ ಇಪ್ಪತ್ತಾಗಿದ್ವು, ಆರಿಸೋಕೆ ನನಗೂ ಎರಡು ದಿನ ಹಿಡೀತು," ಎಂದಳು. "ಈಗ ಇಲ್ಲಿ ಬೆಂಚು ಬಿಕೋ ಅಂತಿದೆ. ಆಗಾಗ ಫೋನ್ ಮಾಡಿ, ಹದಿನಾಲ್ಕು ಹೇಗಿದೆ ಅಂತ ಹೇಳ್ತಿರಿ."

ಫೋನಿಟ್ಟವನು ಗಿಡಗಳನ್ನು ಒಂದೊಂದಾಗಿ ಕುಂಡಕ್ಕಿಳಿಸಿದ. ಆಮೇಲೆ ಮೂಲೆಯಲ್ಲಿದ್ದ ಬಣ್ಣದ ಡಬ್ಬಿ, ಕುಂಚ ಹಿಡಿದು ಮಳೆನೀರಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅಂಗೈಯಗಲದ ಅಕ್ಷರಗಳಲ್ಲಿ ಬರೆದ: 'ಈ ಗಿಡಗಳಿಗೆ ಈ ನೀರು ಮಾತ್ರ. ನಲ್ಲಿ ನೀರು ಬೇಡ.'

ಮೇಡಂ ಬಾಗಿಲಿನಿಂದಲೇ ಓದಿದರು. ಎರಡು ಸಲ ಓದಿದರು. ಆಮೇಲೆ ಹೊಸಿಲು ದಾಟಿ ಒಳಗೆ ಬಂದರು.

"ಇಷ್ಟನ್ನ ಮೊದಲೇ ಬರೆದಿಟ್ಟಿದ್ರೆ, ನೊಣಪ್ಪ..."

ಅವನು ಕುಂಚವನ್ನು ಚಿಂದಿಬಟ್ಟೆಗೆ ಒರೆಸಿದ, ತಲೆ ಎತ್ತಲಿಲ್ಲ.

"ಬರೆದಿಟ್ಟಿದ್ರೆ, ಇಲ್ಲಿ ನನ್ನನ್ನ ಯಾರು ಕೇಳ್ತಿದ್ರು ಮೇಡಂ?"